ಭಾವ ಕಳಚಿಟ್ಟ ಶಾಫ್ಟು

ನಮ್ಮ ಭಾವನಿಗೆ ಕೂರಲು ಬರುವುದಿಲ್ಲ. ಕುರ್ಚಿಯ ಕಾಲು ಅಲ್ಲಾಡುತ್ತಿದೆಯೇ ಎಂದು ಅದನ್ನು ತಲೆಕೆಳಗು ಮಾಡಿ ನೋಡುವುದು ಬರುತ್ತದೆ, ಕೂರುವುದೊಂದೇ ಬರುವುದಿಲ್ಲ. ಬಾಗಿಲು ಕಿರ್ ಎಂದರೆ ಊಟದ ನಡುವೆ ಎದ್ದು ಎಣ್ಣೆ ಬಿಟ್ಟು ಬರುತ್ತಾರೆ. "ತಟ್ಟೆಗೆ ಚಕ್ರ ಹಾಕಿಸಿಬಿಡೋಣ ರೀ, ನಿಮ್ಮ ಹಿಂದೇನೇ ಓಡಾಡ್ಲಿ" ಎನ್ನುತ್ತಾಳೆ ಅಕ್ಕ.

ಹೊಲಿಗೆ ಯಂತ್ರ ರಿಪೇರಿ ಭಾವನ ಕಸುಬು. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ. ಬರುವವರದೆಲ್ಲ ಒಂದೇ ದೂರು: "ಯಾಕೋ ಸದ್ದು ಮಾಡ್ತಿದೆ." ಭಾವ ಕಣ್ಣು ಮುಚ್ಚಿ ಕೇಳುತ್ತಾರೆ, ಬಿಚ್ಚುತ್ತಾರೆ. ಬಿಚ್ಚಿದ ಒಂದೊಂದು ಭಾಗದ ಹೆಸರನ್ನೂ ಬಟ್ಟೆಚೂರಿನ ಮೇಲೆ ಬರೆದು ಯಂತ್ರದ ಕೈಚಕ್ರಕ್ಕೆ ಕಟ್ಟುತ್ತಾರೆ. ಆ ಚೀಟಿ ನೇತಾಡುವವರೆಗೆ ಯಂತ್ರ ಹೊಸಿಲು ದಾಟುವಂತಿಲ್ಲ. ಆದರೆ ಸದ್ದು ನಿಂತರೆ ಸಾಕು, ಅವರ ಮಟ್ಟಿಗೆ ರೋಗ ವಾಸಿ. ಮುಂದಿನದೆಲ್ಲ ಆಗಿದ್ದು ಈ ನಂಬಿಕೆಯಿಂದ.

ಅಕ್ಕ ಆರೋಗ್ಯ ಕೇಂದ್ರದಲ್ಲಿ ನರ್ಸು. ಗುಡ್ಡದ ಮೇಲಿನ ನಲವತ್ತು ಮನೆಗಳ ಬಸುರಿ ಬಾಣಂತಿಯರೆಲ್ಲ ಅವಳ ಪಾಲು. ಅಲ್ಲಿಗೆ ಇರುವುದು ಕಲ್ಲುಕ್ವಾರಿಯ ಲಾರಿಗಳು ಅಗೆದುಹಾಕಿದ ಒಂದು ದಾರಿ. ಆಂಬುಲೆನ್ಸ್ ಇದೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ನಂಬರ್ ಬರೆದಿದ್ದಾರೆ. ಫೋನ್ ಮಾಡಿದರೆ ಯಾರೋ ಎತ್ತಿ, ಡೀಸೆಲ್ ಇಲ್ಲವೆಂದು ತಿಳಿಸುವಷ್ಟು ಸೌಜನ್ಯವನ್ನಂತೂ ತೋರಿಸುತ್ತಾರೆ. ಇದನ್ನೆಲ್ಲ ನೋಡಿ ಬೇಸತ್ತ ಭಾವ, ಅಣೆಕಟ್ಟಿನ ಕೆಲಸ ಮುಗಿದು ಹರಾಜಿಗೆ ಬಂದ ಒಂದು ಮುದಿ ಜೀಪನ್ನು ಮನೆಗೆ ಎಳೆದು ತಂದರು. ನಲವತ್ತಾರನೇ ವಯಸ್ಸಿನಲ್ಲಿ ಅಕ್ಕ ಡ್ರೈವಿಂಗ್ ಕಲಿತಳು.

ಆ ಜೀಪಿಗೆ ಭಾವ ಮಾಡದೆ ಬಿಟ್ಟ ಉಪಚಾರವಿಲ್ಲ. ಟಾರ್ಪಾಲಿನ ಹೊದಿಕೆಯನ್ನು ತಾವೇ ಹೊಲಿದರು. ಹಿಂದಿನ ಬೆಂಚು ಕಿತ್ತು, ಬಸುರಿ ಕಾಲು ಚಾಚಿ ಮಲಗುವಂತೆ ಮಡಚುವ ಹಲಗೆ ಕೂರಿಸಿ ಸ್ಪಂಜು ಹಾಸಿದರು. ಹತ್ತಲು ಒಂದು ಮೆಟ್ಟಿಲು, ಹಿಡಿಯಲು ಒಂದು ಪಟ್ಟಿ. ಉಳಿದದ್ದು ಒಂದೇ: ವೇಗ ಸ್ವಲ್ಪ ಏರಿದರೆ ಜೀಪಿನ ಹೊಟ್ಟೆಯೊಳಗಿಂದ ಗೂಂ ಎಂಬ ಸದ್ದು.

ಜೀಪಿನ ನಡುವಿನ ಗೇರುಪೆಟ್ಟಿಗೆಯಿಂದ ಹಿಂದಕ್ಕೊಂದು, ಮುಂದಕ್ಕೊಂದು ಕಬ್ಬಿಣದ ಶಾಫ್ಟು ಹೋಗುತ್ತದೆ. ಹಿಂದಿನ ಚಕ್ರ ತಿರುಗಿಸುವುದು ಹಿಂದಿನದು. ಸೀಟಿನ ಪಕ್ಕದ ಚಿಕ್ಕ ಲಿವರ್ ಎಳೆದರೆ ಮುಂದಿನದೂ ಕೆಲಸಕ್ಕೆ ನಿಂತು, ನಾಲ್ಕೂ ಚಕ್ರ ನೆಲ ಕಚ್ಚುತ್ತವೆ. ಕೆಲಸವಿಲ್ಲದಾಗಲೂ ಮುಂದಿನ ಶಾಫ್ಟು ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಅದರ ತುದಿಯ ಕೀಲು, ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವುದು, ಸವೆದಿತ್ತು. ಇಷ್ಟು ಹಳೇ ಗಾಡಿಗೆ ಹೊಸ ಕ್ರಾಸ್ ಸಿಗಲು ಎರಡು ತಿಂಗಳು ಬೇಕೆಂದರು ಬಿಡಿಭಾಗದ ಅಂಗಡಿಯವರು. ಎರಡು ನಿಮಿಷ ಕೂರದವರು ಎರಡು ತಿಂಗಳು ಕಾಯುತ್ತಾರೆಯೇ?

ಒಂದು ಭಾನುವಾರ ನಾನು ಹೋದಾಗ ಭಾವ ಜೀಪಿನಡಿ ಇದ್ದರು. ಕಾಲಷ್ಟೇ ಕಾಣುತ್ತಿತ್ತು.

"ಹಿಡ್ಕೋ ಈ ತುದಿನ, ಬರಹಗಾರ. ನಿನ್ನ ಪೆನ್ನಿಗಿಂತ ಸ್ವಲ್ಪ ಭಾರ."

ಹಿಡಿದೆ. ಕೊನೆಯ ಬೋಲ್ಟು ಕಳಚಿ ಶಾಫ್ಟು ನನ್ನ ಕೈಗೆ ಬಂತು.

"ಭಾವ, ಇದಿಲ್ದೆ ಫೋರ್ ವೀಲ್ ಹೆಂಗೆ?"

"ವರ್ಷಕ್ಕೆಷ್ಟು ಸಲ ಹಾಕ್ತಾಳೆ ಅದನ್ನ? ಕ್ರಾಸ್ ಬಂದ ದಿನ ಕೂರಿಸಿಬಿಡ್ತೀನಿ."

"ಅಕ್ಕನಿಗೆ ಹೇಳಿ ಮತ್ತೆ."

"ಹೇಳ್ತೀನಿ ಬಿಡೋ. ನೀನೊಬ್ಬ."

ಹೇಳಲಿಲ್ಲ. ಸಂಜೆ ಅಕ್ಕ ಒಂದು ಸುತ್ತು ಹೊಡೆದು ಬಂದು, "ಏನ್ರೀ ಮಾಡಿದ್ರಿ? ಹೂವಿನ ಹಾಗೆ ಹೋಗ್ತಿದೆ!" ಎಂದಳು. ಭಾವ ಮೀಸೆ ಸವರಿಕೊಂಡರು. ಆ ಖುಷಿ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಪರರ ಯಂತ್ರಕ್ಕೆಲ್ಲ ಚೀಟಿ ಕಟ್ಟುವ ಮನುಷ್ಯ ತನ್ನ ಮನೆಯ ಜೀಪಿಗೆ ಕಟ್ಟಲಿಲ್ಲ. ಲಿವರ್ ಇದ್ದಲ್ಲೇ ಇತ್ತು. ಎಳೆದರೆ ಬರುತ್ತಿತ್ತು, ಕೆಳಗೇನೂ ಇಲ್ಲದಿದ್ದರೂ.

ಮೂರು ವಾರ ಕಳೆಯಿತು. ಕಲ್ಲೊಡೆಯುವವನೊಬ್ಬನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿ, ಅಕ್ಕ ಅವಳನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಳು. ಕ್ವಾರಿಯ ಪಕ್ಕ ಒಂದು ತಗ್ಗು, ತಗ್ಗಿನಾಚೆ ಏರು. ಧೂಳು ಏಳದಿರಲೆಂದು ಕ್ವಾರಿಯವರು ಆಗಷ್ಟೇ ಟ್ಯಾಂಕರ್ ನೀರು ಚೆಲ್ಲಿದ್ದರು. ಕಲ್ಲುಪುಡಿ ಬೆಣ್ಣೆಯಂತಾಗಿತ್ತು. ಜೀಪು ಜಾರಿತು. ಅಕ್ಕ ಲಿವರ್ ಎಳೆದಳು. ಮತ್ತೆ ತಳ್ಳಿ ಮತ್ತೆ ಎಳೆದಳು. ಕೊನೆಗೆ ಹನ್ನೊಂದು ಜನ ಭುಜ ಕೊಟ್ಟು ಮೇಲೆತ್ತುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ತಾಯಿ ಉಳಿದಳು. ಮಗು ಹುಟ್ಟಿದರೂ ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. "ಇಷ್ಟೊತ್ತು ಏನ್ ಮಾಡ್ತಿದ್ರಿ ಸಿಸ್ಟರ್?" ಎಂದು ಡಾಕ್ಟರು ಎಲ್ಲರೆದುರು ಕೇಳಿದರಂತೆ.

ಆ ವಾರ ಪತ್ರಿಕೆಯ ನನ್ನ ಅಂಕಣದಲ್ಲಿ ಕ್ವಾರಿಯ ಮಾಲೀಕನನ್ನೂ ರಸ್ತೆಯ ಕಂಟ್ರಾಕ್ಟರನ್ನೂ ಗೋಡೆಯ ಮೇಲಿನ ಆಂಬುಲೆನ್ಸನ್ನೂ ಸಿಗಿದುಹಾಕಿದೆ. ಓದಿದವರು ಬೆನ್ನು ತಟ್ಟಿದರು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಶಾಫ್ಟಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ದಿನಾ ಸಂಜೆ ಅಕ್ಕ ಅಂಗಳದಲ್ಲಿ ನಿಂತ ಜೀಪು ಹತ್ತಿ ಆ ಲಿವರನ್ನು ಎಳೆದು ನೋಡತೊಡಗಿದಳು.

"ಹೀಗೇ ತಾನೇ ರೀ ಹಾಕೋದು?"

"ಹೂಂ. ಹಂಗೇ."

"ಪೂರ್ತಿ ಬಿತ್ತಾ ಇದು?"

"ಬಿತ್ತು ಕಣೇ."

ಅಷ್ಟು ಹೇಳಿ ಭಾವ ಅಂಗಡಿಯೊಳಗೆ ಹೋಗಿ, ಯಾವ ಕಾಯಿಲೆಯೂ ಇಲ್ಲದ ಯಂತ್ರಗಳನ್ನು ಬಿಚ್ಚುತ್ತಿದ್ದರು. ಕಿಟಕಿಯಾಚೆ ಲಿವರಿನ ಕಟಕ್, ಕಟಕ್.

ಐದನೇ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಕರೆಸಿದಳು. ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು.

"ಒಂದು ಅರ್ಜಿ ಬರೆದುಕೊಡೋ. ಗುಡ್ಡದ ಕೆಲಸಕ್ಕೆ ಬೇರೆಯವರನ್ನ ಹಾಕಿ ಅಂತ."

"ಯಾಕಕ್ಕಾ?"

"ನನ್ನ ಕೈ ಸರಿಯಿಲ್ಲ ಕಣೋ. ಹೊತ್ತಿಗೆ ಒಂದು ಗೇರು ಹಾಕಕ್ಕಾಗ್ದೋಳು ಒಂದು ಜೀವ ಹೊತ್ಕೊಂಡು ಓಡಿಸ್ಬಾರ್ದು."

ಇಪ್ಪತ್ತೆರಡು ವರ್ಷದಲ್ಲಿ ಆ ಕೈ ಎಷ್ಟು ಕೂಸುಗಳ ತಲೆ ಈಚೆಗೆ ತಂದಿದೆಯೋ ಅವಳಿಗೂ ಲೆಕ್ಕವಿಲ್ಲ. ಒಳಗೆ ಭಾವ ಯಂತ್ರದ ಪೆಡಲ್ ತುಳಿಯುತ್ತಿದ್ದರು, ಬಟ್ಟೆಯಿಲ್ಲದೆ, ನೂಲಿಲ್ಲದೆ. ನಾನು 'ಇವರಿಗೆ' ಎಂದು ಬರೆದೆ. ಮುಂದೆ ಕೈ ಓಡಲಿಲ್ಲ.

"ಭಾವ," ಎಂದು ಕೂಗಿದೆ.

ಪೆಡಲ್ ನಿಂತಿತು. ಸ್ವಲ್ಪ ಹೊತ್ತಿಗೆ ಭಾವ ಹಳೇ ದುಪ್ಪಟಿಯಲ್ಲಿ ಸುತ್ತಿದ ಏನನ್ನೋ ತಂದು ಅರ್ಜಿಯ ಮೇಲೇ ಇಟ್ಟು ಬಿಡಿಸಿದರು.

"ಏನ್ರೀ ಇದು?"

"ಮುಂದಿನ ಶಾಫ್ಟು."

"ಯಾವ ಜೀಪಿಂದು?"

ಭಾವ ಅಂಗಳದ ಜೀಪಿನತ್ತ ಬೆರಳು ತೋರಿಸಿದರು. ಅಕ್ಕನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಿನ್ನೆಯೂ ಕೇಳಿದೆ ನಿಮ್ಮನ್ನ. ಎರಡು ಸಲ." ನನ್ನತ್ತ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಬಿಚ್ಚುವಾಗ ಈ ತುದಿ ಹಿಡ್ಕೊಂಡಿದ್ದು ನಾನೇ ಅಕ್ಕಾ."

"ಓಹೋ. ಇಲ್ಲೀತನಕ ಹಿಡ್ಕೊಂಡೇ ಇದ್ದೆ ಹಾಗಾದ್ರೆ."

ಕೂಗಾಡಿದ್ದರೆ ನಾವಿಬ್ಬರೂ ಬದುಕಿಕೊಳ್ಳುತ್ತಿದ್ದೆವು. ಅವಳು ಹಳೇ ಚಾಪೆ ಎಳೆದುಕೊಂಡು ಜೀಪಿನಡಿ ಮಲಗಿ, "ಕೊಡ್ರಿ ಸ್ಪ್ಯಾನರ್. ಯಾವ ಬೋಲ್ಟು ಎಲ್ಲಿಗೆ ಅಂತ ಬಾಯಲ್ಲಿ ಹೇಳಿ, ಕೈ ಹಾಕ್ಬೇಡಿ" ಎಂದಳು. ಒಂದೊಂದನ್ನೂ ತಾನೇ ಬಿಗಿದಳು. ಮೇಲೆದ್ದು ಕೈಯ ಗ್ರೀಸನ್ನು ಆ ಅರ್ಜಿಯ ಹಾಳೆಗೇ ಒರೆಸಿದಳು.

"ನಡೀರಿ ಆಸ್ಪತ್ರೆಗೆ. ಆ ಮಗುವಿನ ಅಪ್ಪನಿಗೆ ನೀವೇ ಹೇಳ್ಬೇಕು. ನೀನೂ ಬಾರೋ."

ಕಲ್ಲೊಡೆಯುವವನು ಗಾಜಿನ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ. ಭಾವ ನಿಂತೇ ಎಲ್ಲ ಹೇಳಿದರು. ಕ್ರಾಸ್, ಸದ್ದು, ಲಿವರ್, ಒಂದನ್ನೂ ಬಿಡಲಿಲ್ಲ. ಅವನು ಬೈಯಲಿಲ್ಲ. ಭಾವನ ಕೈಗಳನ್ನು ತುಂಬ ಹೊತ್ತು ನೋಡಿದ.

"ಈಗ ಹಾಕಿದೀರಾ?"

"ಹಾಕಿದ್ದಾಯ್ತು. ಇವಳೇ ಬಿಗಿದಳು."

"ಮಗು ಈಗ ಪರವಾಗಿಲ್ಲ, ನಾಳೆ ಮನೆಗೆ ಕಳಿಸ್ತಾರಂತೆ. ಸಿಸ್ಟರ್ ಓಡಿಸೋದಾದ್ರೆ ಬರ್ತೀವಿ. ನೀವು ಹಿಂದೆ ಕೂತ್ಕೊಳ್ಳಿ."

ಮರುದಿನ ಭಾವ ಹಿಂದೆ ಕೂತರು. ಹಲಗೆಯ ಮೇಲೆ ತಾಯಿ, ಅವಳ ಮಡಿಲಲ್ಲಿ ಮಗು, ಪಕ್ಕದಲ್ಲಿ ಅಪ್ಪ. ದಾರಿಯುದ್ದಕ್ಕೂ ಜೀಪು ಗೂಂ ಎನ್ನುತ್ತಲೇ ಇತ್ತು. ತಗ್ಗಿನಲ್ಲಿ ಆವತ್ತೂ ನೀರು ಚೆಲ್ಲಿದ್ದರು. ಅಕ್ಕ ಲಿವರ್ ಎಳೆದಳು. ಜೀಪು ಒಮ್ಮೆ ನಡುಗಿ, ನೆಲ ಕಚ್ಚಿ, ಮೇಲೆ ಹತ್ತಿತು.

"ಏನು ಸಿಸ್ಟರ್ ಈ ಸದ್ದು? ಮಗು ಬೆಚ್ಚುತ್ತೆ" ಎಂದಳು ಬಾಣಂತಿ.

"ಬೆಚ್ಚಲಿ ಬಿಡಮ್ಮ. ಬೆಚ್ಚಿದ್ರೆ ಅಳುತ್ತೆ."

ಮಗು ಅತ್ತಿತು. ಆ ಅಳು ಗುಡ್ಡ ಮುಟ್ಟುವವರೆಗೂ ನಿಲ್ಲಲಿಲ್ಲ, ಭಾವ ಸ್ಪಂಜಿನ ಅಂಚು ಹಿಡಿದು ಕೂತಲ್ಲಿಂದ ಅಲ್ಲಾಡಲಿಲ್ಲ. ಸ್ಟೇರಿಂಗಿಗೆ ಕಟ್ಟಿದ ಬಟ್ಟೆಚೂರು ಕುಲುಕಾಟಕ್ಕೆ ಹಾರುತ್ತಿತ್ತು. ಅದರ ಮೇಲೆ ಭಾವನ ದುಂಡಕ್ಷರ: ಮುಂದಿನ ಕ್ರಾಸ್ ಸವೆದಿದೆ. ಸದ್ದು ಬರುತ್ತದೆ.