ಲೋಯಿಸ್ ಆರಿಸುವ ಹರಕು ಪೆಟ್ಟಿಗೆಗಳು

ಬೆಳಗಿನ ಐದೂವರೆ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಹೊರವಲಯದ ದಿನಸಿ ಗೋದಾಮಿನ ಹಿಂದೆ, ಕಸದ ರಾಶಿಯಲ್ಲಿ ಲೋಯಿಸ್ ಡೈಕ್‌ಸ್ಟ್ರಾ ರಟ್ಟಿನ ಪೆಟ್ಟಿಗೆ ಆರಿಸುತ್ತಿದ್ದಾರೆ. ಮೂಲೆ ಜಜ್ಜಿದ್ದು, ಹಿಮದಲ್ಲಿ ನೆನೆದು ಹೊಟ್ಟೆ ಉಬ್ಬಿದ್ದು, ಟೇಪು ಕಿತ್ತುಬಂದದ್ದು. ಚೆನ್ನಾಗಿರುವುದು ಕೈಗೆ ಸಿಕ್ಕರೆ ಮುಖ ಸಿಂಡರಿಸಿ ಆಚೆ ಎಸೆಯುತ್ತಾರೆ.

ಅರವತ್ತೊಂದರ ಈ ಹೆಂಗಸು ಕಸ ಆಯುವವರಲ್ಲ. ಒಳಗೆ ಎರಡು ಮೈಲಿ ಸುತ್ತಿ ಸುಳಿದು, ಪ್ರತಿ ಪೆಟ್ಟಿಗೆಯನ್ನೂ ತಾನೇ ಗುರುತಿಸಿ ಸರಿಯಾದ ಲಾರಿಗೆ ಮುಟ್ಟಿಸುವ ಬೆಲ್ಟುಗಳ ಸಾಲನ್ನು ವಿನ್ಯಾಸ ಮಾಡಿದವರೇ ಇವರು. ನಿಮಿಷಕ್ಕೆ ಅರವತ್ತು ಪೆಟ್ಟಿಗೆ, ದಿನಕ್ಕೆ ಐವತ್ತು ಸಾವಿರ. ಇವತ್ತು ಅದರ ಪರೀಕ್ಷೆ. ಪಾಸಾದರೆ ಸೋಮವಾರ ಕೆಲಸ ಶುರು; ಇಲ್ಲವಾದರೆ ಮೂರು ವಾರ ತಡ, ಬೈಗುಳವೆಲ್ಲ ಲೋಯಿಸ್ ತಲೆಗೆ.

"ಏನ್ರೀ ಲೋಯಿಸ್, ಹೊಸ ಪೆಟ್ಟಿಗೆ ಇನ್ನೂರು ತರಿಸಿಟ್ಟಿದೀನಿ, ಮದುವೆ ಹೆಣ್ಣಿನ ಹಾಗಿವೆ. ಅವನ್ನ ಬಿಟ್ಟು ಈ ದರಿದ್ರ ಯಾಕೆ?" ಎಂದು ಗೋದಾಮಿನ ಮ್ಯಾನೇಜರ್ ಟಾಡ್ ನೊವಾಕ್ ಗೊಣಗುತ್ತಾರೆ.

"ನಿಮ್ಮ ಲಾರೀಲಿ ದಿನಾ ಮದುವೆ ಹೆಣ್ಣೇ ಬರ್ತವಾ ಟಾಡ್?"

ಮಾತು ತಮಾಷೆಯದು, ಹಿಂದಿರುವುದು ಹಳೆಯ ಸಂಕಟ. ಮೂವತ್ತರ ಹರೆಯದಲ್ಲಿ ಲೋಯಿಸ್ ರೂಪಿಸಿದ ಮೊದಲ ಸಾಲು ಹೊಸ ಪೆಟ್ಟಿಗೆಗಳ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದಿತ್ತು. ತಿಂಗಳೊಳಗೆ ಹರಕು ಪೆಟ್ಟಿಗೆಯೊಂದು ತಿರುವಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಕೈಹಾಕಿದ ವಾಂಡಾ ಎಂಬಾಕೆಯ ಎರಡು ಬೆರಳು ಹೋದವು.

"ಪೆಟ್ಟಿಗೆ ಸಿಕ್ಕಿಕೊಂಡ್ರೆ ಕೈ ಅದರತ್ತ ಹೋಗೇ ಹೋಗುತ್ತೆ. ಬೆಲ್ಟು ನಿಲ್ಲಿಸೋ ಗುಂಡಿ ಇರುತ್ತೆ, ನಿಜ. ಲಾರಿ ಕಾಯ್ತಿರುವಾಗ ಯಾರು ಒತ್ತುತ್ತಾರೆ? ತಪ್ಪು ವಾಂಡಾದಲ್ಲ, ನಂದು," ಎನ್ನುತ್ತಾರೆ ಲೋಯಿಸ್.

ನಲವತ್ತು ಹರಕು ಪೆಟ್ಟಿಗೆಗಳು ಬೆಲ್ಟೇರಿ ಹೊರಡುತ್ತವೆ. ಮೂವತ್ತೊಂದು ಸಲೀಸಾಗಿ ದಾಟುತ್ತವೆ. ಮುಂದಿನದು, ನೆನೆದ ಹಾಲಿನ ಪುಡಿಯ ಪೆಟ್ಟಿಗೆ, ನಾಲ್ಕನೇ ತಿರುವಿನಲ್ಲಿ ಮೂಗು ತೂರಿಸಿ ನಿಂತುಬಿಡುತ್ತದೆ. ಅಲ್ಲೇ ಇದ್ದ ಕೆಲಸಗಾರ ಡರ್ನೆಲ್‌ನ ಕೈ ತನ್ನಷ್ಟಕ್ಕೆ ತಾನೇ ಅದರತ್ತ ಚಾಚುತ್ತದೆ.

"ಕೈ ತೆಗಿಯೋ ಮಾರಾಯ!" ಲೋಯಿಸ್ ಓಡಿಹೋಗಿ ಗುಂಡಿ ಒತ್ತುತ್ತಾರೆ.

"ಮೂವತ್ತೆರಡರಲ್ಲಿ ಒಂದು ತಾನೇ," ಟಾಡ್ ಗೋಗರೆಯುತ್ತಾರೆ. "ಪಾಸು ಅಂತ ಸಹಿ ಹಾಕ್ಬಿಡಿ, ಆಮೇಲೆ ಸರಿ ಮಾಡ್ಕೊಳ್ಳೋಣ."

"ಆ ಒಂದಕ್ಕೇ ಇವನ ಕೈ ಹೋಗ್ತಿತ್ತು. ನೋಡಿದ್ರಲ್ಲ."

ಜಪ್ಪಯ್ಯ ಎಂದರೂ ಲೋಯಿಸ್ ಸಹಿ ಹಾಕುವುದಿಲ್ಲ. ಸೋಮವಾರದ ಆಸೆ ಅಲ್ಲಿಗೆ ಮುಗಿಯುತ್ತದೆ. ಟಾಡ್ ಮುಖ ಗಂಟಿಕ್ಕಿಕೊಂಡು ಹೊರಟುಹೋಗುತ್ತಾರೆ. ಇಂಥ ಹಟಕ್ಕೆ ಯಾರೂ ಹಾರ ಹಾಕುವುದಿಲ್ಲ, ಹಾಕಬೇಕು.

ಲೋಯಿಸ್ ಆಗಲೇ ಆ ತಿರುವಿನ ಬಳಿ ಮಂಡಿಯೂರಿ ಅಳತೆ ತೆಗೆಯುತ್ತಿದ್ದಾರೆ. ಈ ಸಾಲು ಹೇಗಾದರೆ ಸಮಾಧಾನ ಎಂದು ಕೇಳಿದರೆ ತಲೆ ಎತ್ತದೆಯೇ ಹೇಳುತ್ತಾರೆ:

"ಡರ್ನೆಲ್ ಇಡೀ ದಿನ ಇಲ್ಲಿ ಜೇಬಲ್ಲಿ ಕೈಯಿಟ್ಕೊಂಡು ನಿಂತಿರಬೇಕು. ನೋಡಿದೋರು ಇವನೆಂಥ ಸೋಮಾರಿ ಅಂದ್ರೆ, ನನ್ನ ಕೆಲಸ ಸರಿಯಾಯ್ತು ಅಂತ."