ಕೊನೆಯ ಸೈಕಲ್ಲಿನ ಕಂಡಕ್ಟರು

ಕಂಡಕ್ಟರಿಗೆ ಯಾರಿಗಿಂತಲೂ ಮುಂದೆ ಹೋಗಿ ಗೊತ್ತಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಕೊನೆಯ ಕಾಲು ಮೆಟ್ಟಿಲು ಹತ್ತಿದ ಮೇಲೆಯೇ ಸೀಟಿ ಊದಿದ ಮನುಷ್ಯ ಅವರು. ನಿವೃತ್ತಿಯಾದಾಗ ಬಸ್ಸು ಹೋಯಿತು, ಸೀಟಿ ಹೋಯಿತು, ಆ ಬುದ್ಧಿ ಮಾತ್ರ ಹೋಗಲಿಲ್ಲ. ಮನೆಯವರು ಮದುವೆಗೆ ಹೊರಟರೂ ಆಸ್ಪತ್ರೆಗೆ ಹೊರಟರೂ ಬಾಗಿಲ ಬಳಿ ನಿಂತು ತಲೆ ಎಣಿಸುತ್ತಾರೆ. ಸೊಸೆ ಒಮ್ಮೆ ತಡೆಯಲಾರದೆ, "ಮಾವ, ನಾವಿರೋದೇ ನಾಲ್ಕು ಜನ," ಎಂದಳು. "ನಾಲ್ಕೇ ಜನ ಇರೋವಾಗ ಒಬ್ಬರು ತಪ್ಪಿಸ್ಕೊಂಡ್ರೆ ಕಾಲು ಭಾಗ ಹೋದ ಹಾಗಲ್ವೇನಮ್ಮ," ಎಂದು ಕಂಡಕ್ಟರು ಎಣಿಕೆ ಮುಗಿಸಿಯೇ ಹೊರಗೆ ಕಾಲಿಟ್ಟರು.

ಹೀಗಾಗಿ ಸೈಕಲ್ ಬಳಗದವರು ವರ್ಷಕ್ಕೊಮ್ಮೆ ಹನ್ನೆರಡು ದಿನದ ಪ್ರವಾಸ ಹೊರಟಾಗ ಹಳದಿ ಕೋಟು ಯಾರಿಗೆ ಎಂಬ ಚರ್ಚೆಯೇ ಏಳುವುದಿಲ್ಲ. ಕೋಟು ಎನ್ನುವುದು ದೊಡ್ಡ ಮಾತು. ತೋಳಿಲ್ಲದ, ಬೆಳಕು ಬಿದ್ದರೆ ಹೊಳೆಯುವ ಒಂದು ಮೇಲಂಗಿ ಅದು. ತಂಡದ ಕಟ್ಟಕಡೆಯ ಸವಾರ ಅದನ್ನು ತೊಟ್ಟಿರಬೇಕು. ಬಳಗದ ಪದ್ಧತಿಯೆಲ್ಲ ನಿಂತಿರುವುದು ಆ ಮೇಲಂಗಿಯ ಮೇಲೆಯೇ. ದಾರಿ ಬಲ್ಲವರೆಂದರೆ ಎಲ್ಲರಿಗಿಂತ ಮುಂದಿರುವ ಡ್ರಿಲ್ ಮಾಸ್ತರು ಒಬ್ಬರೇ. ರಸ್ತೆ ಕವಲೊಡೆದ ಕಡೆ ಅವರು ತಮ್ಮ ಬೆನ್ನಿಗಿರುವ ಸವಾರರಿಗೆ ಕೈಮಾಡಿ, "ಇಲ್ಲಿ ನಿಲ್ಲಿ," ಎನ್ನುತ್ತಾರೆ. ನಿಂತವರು ಹಿಂದೆ ಬರುವವರಿಗೆಲ್ಲ ತಿರುವು ತೋರಿಸಬೇಕು. ಹಳದಿ ಕೋಟು ಬಂದ ಮೇಲೆಯೇ ಅವರಿಗೆ ಬಿಡುಗಡೆ. ಅಲ್ಲಿಯವರೆಗೆ ಯಾರ ಅಪ್ಪ ಬಂದು ಹೇಳಿದರೂ ಕದಲುವಂತಿಲ್ಲ.

ಈ ವರ್ಷ ಕಂಡಕ್ಟರು ತಮ್ಮ ಅಕ್ಕನನ್ನೂ ಹೊರಡಿಸಿದ್ದರು. ಅಕ್ಕ ಶಿಶುವಿಹಾರದ ಟೀಚರಾಗಿದ್ದವಳು. ಸೈಕಲ್ ಕಲಿತದ್ದು ಅರವತ್ತು ತುಂಬಿದ ಮೇಲೆ; ಮನೆ ಮುಂದಿನ ಅಂಗಳದಲ್ಲಿ ಸುತ್ತು ಹೊಡೆದು, ಪಕ್ಕದ ಮನೆಯವರ ಸ್ಕೂಟರ್ ಮೇಲೆ ಮೂರು ಸಲ ಬಿದ್ದು ಕಲಿತಳು. ಈಗ ಅರವತ್ತಾರು. ಹೊರಡುವ ದಿನ ಭಾವ ಗೇಟಿನ ತನಕ ಬಂದು ಕಂಡಕ್ಟರ ಹ್ಯಾಂಡಲ್ ಹಿಡಿದುಕೊಂಡರು. "ನೋಡಪ್ಪ, ಕರ್ಕೊಂಡು ಹೋಗ್ತಿರೋನು ನೀನು. ಹೇಗೆ ಹೋದಳೋ ಹಾಗೇ ವಾಪಸ್ ಬರ್ಬೇಕು. ನಾನು ಬೇರೆ ಯಾರನ್ನೂ ಕೇಳಲ್ಲ."

"ನನ್ನ ಕಣ್ಣ ಮುಂದೇನೇ ಇರ್ತಾಳೆ ಭಾವ," ಎಂದು ಕಂಡಕ್ಟರು ಎದೆ ತಟ್ಟಿಕೊಂಡು ಹೇಳಿದ್ದರು. ಎದೆ ತಟ್ಟಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ ಎಂದು ಅವರಿಗೆ ಆಮೇಲೆ ತಿಳಿಯಿತು.

ಎಂಟು ದಿನ ಎಲ್ಲ ಸುಸೂತ್ರ. ಸವಾರರು ಹದಿನೆಂಟು ಜನ. ರಾತ್ರಿ ಯಾವುದಾದರೂ ಶಾಲೆಯಲ್ಲಿ ತಂಗುವುದು. ಗೊರಕೆ ಹೊಡೆಯುವವರಿಗೊಂದು ಕೋಣೆ, ನಾನು ಹೊಡೆಯುವುದಿಲ್ಲ ಎಂದು ವಾದ ಮಾಡುವವರಿಗೊಂದು ಕೋಣೆ. ಎರಡರಿಂದಲೂ ಒಂದೇ ಸದ್ದು. ಗೋಡೆಯಲ್ಲಿ ಪ್ಲಗ್ಗು ಒಂದು, ಫೋನು ಹದಿನೆಂಟು. ಬೆಳಗಾದರೆ ಟೈರಿಗೆ ಗಾಳಿ ಹೊಡೆಯುವುದು, ಚೈನಿಗೆ ಎಣ್ಣೆ ಬಿಡುವುದು, ಒಣಗದ ಬಟ್ಟೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಂಡೇ ಹೊರಡುವುದು. ದೊಡ್ಡ ಹುದ್ದೆಯಿಂದ ನಿವೃತ್ತರಾದ ಬ್ಯಾಂಕ್ ಮ್ಯಾನೇಜರ ಬನಿಯನ್ ದಿನವಿಡೀ ಬಾವುಟದಂತೆ ಹಾರುತ್ತ ತಂಡಕ್ಕೆ ದಾರಿ ತೋರಿಸಿತು. ಮಾತೆಂದರೆ ದೇಶ, ರಾಜಕೀಯ ಒಂದೂ ಇಲ್ಲ, ಸೀಟು. ಯಾರ ಸೀಟು ಎಲ್ಲಿ ಉಜ್ಜುತ್ತದೆ, ಅದಕ್ಕೆ ಯಾವ ಮುಲಾಮು, ಅಷ್ಟೇ. ಅಕ್ಕ ಮಾತ್ರ ಯಾವ ನೋವನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ದಿನಾ ಹೊರಡುವ ಮುಂಚೆ ಫೋನನ್ನು ಚೀಲಕ್ಕೆ ಹಾಕಿ ಚೀಲವನ್ನು ಸಾಮಾನು ಹೊರುವ ವ್ಯಾನಿಗೆ ಹಾಕುವಳು. "ಸೈಕಲ್ ಮೇಲಿದ್ದಾಗ ಫೋನ್ ಬಂದ್ರೆ ಎತ್ತೋಣ ಅನ್ಸುತ್ತೆ, ಎತ್ತಿದ್ರೆ ಬೀಳ್ತೀನಿ," ಎಂಬುದು ಅವಳ ಲೆಕ್ಕ.

ಒಂಬತ್ತನೆಯ ದಿನ ಮಧ್ಯಾಹ್ನ ಒಂದು ಏರು ಹತ್ತಿ ಇಳಿಯುವಷ್ಟರಲ್ಲಿ ಕಂಡಕ್ಟರ ಮಂಡಿ ಊದಿಕೊಂಡಿತು. ಕಾಲು ಮಡಿಸಿದರೆ ಜೀವ ಹೋದ ಹಾಗೆ. ಮುಂದಿನವರು ಆಗಲೇ ಕಣ್ಮರೆಯಾಗಿದ್ದರು. ಕುಂಟುತ್ತ ಸೈಕಲ್ ತಳ್ಳಿಕೊಂಡು ಹೋಗುತ್ತಿರುವಾಗ ಹಿಂದಿನಿಂದ ಬಳಗದ ವ್ಯಾನು ಬಂತು. ದಿನಾ ಎಲ್ಲರಿಗಿಂತ ಮುಂಚೆ ಹೋಗುವ ವ್ಯಾನು, ಅಂದು ಗ್ಯಾಸ್ ಸಿಲಿಂಡರಿಗಾಗಿ ಕಾದು ತಡವಾಗಿತ್ತು. ವ್ಯಾನನ್ನೂ ಒಲೆಯನ್ನೂ ಒಬ್ಬಳೇ ನಿಭಾಯಿಸುವ ಅಡುಗೆಯವಳು ಇಳಿದು ನೋಡಿ, "ಇದು ಮಂಡಿನಾ ಕುಂಬಳಕಾಯಾ? ಹತ್ತಿ ಸುಮ್ನೆ," ಎಂದಳು. ಸೈಕಲ್ಲನ್ನೂ ಅವರನ್ನೂ ಒಳಗೆ ತುಂಬಿ ಹೊರಟೇ ಬಿಟ್ಟಳು.

ಕಂಡಕ್ಟರು ಒಂದು ಮಾತು ಹೇಳಬೇಕಿತ್ತು: ಹೆದ್ದಾರಿ ಬೇಡಮ್ಮ, ನಮ್ಮವರು ಹೋದ ಸಣ್ಣ ರಸ್ತೆಯಲ್ಲೇ ಹೋಗು, ತಿರುವಿನಲ್ಲಿ ಯಾರೋ ನನಗಾಗಿ ನಿಂತಿರುತ್ತಾರೆ ಎಂದು. ಹೇಳೋಣ ಎಂದುಕೊಂಡರು ಕೂಡ. ಆದರೆ ಮಂಡಿಗೆ ಹಚ್ಚಿದ ಮುಲಾಮು ಬೆಚ್ಚಗಾಯಿತು, ಒರಗಿದ ಈರುಳ್ಳಿ ಮೂಟೆ ಹದವಾಗಿತ್ತು, ಒಂಬತ್ತು ದಿನದ ದಣಿವು ಒಟ್ಟಿಗೆ ಮೇಲೆ ಬಿತ್ತು. ಕವಲು ಬಂದಾಗ ಹೇಳಿದರಾಯಿತು ಎಂದು ಕಣ್ಣು ಮುಚ್ಚಿದವರು ಕಣ್ಣು ಬಿಟ್ಟದ್ದು ಶಾಲೆಯ ಅಂಗಳದಲ್ಲಿ. ಅಡುಗೆಯವಳಿಗೆ ತಲೆಯಲ್ಲಿದ್ದದ್ದು ಅನ್ನಕ್ಕೆ ನೀರಿಡುವುದೊಂದೇ. ಅವಳು ಹೆದ್ದಾರಿ ಹಿಡಿದು ಸುಂಯ್ಯನೆ ಬಂದುಬಿಟ್ಟಿದ್ದಳು.

ನಿದ್ದೆಗಣ್ಣಿನಲ್ಲಿ ಅವರಿಗೆ ಏನೂ ಹೊಳೆಯಲಿಲ್ಲ. ಬೆಂಚಿನ ಮೇಲೆ ಕಾಲು ನೀಡಿ ಕೂತರು. ಸವಾರರು ಒಬ್ಬೊಬ್ಬರಾಗಿ ಬಂದು, ಸೈಕಲ್ ಒರಗಿಸಿ, ಸ್ನಾನಕ್ಕೆ ಹೋದರು. ಅಡುಗೆಯವಳು ಹದಿನೆಂಟು ಲೋಟ ಚಹಾ ಸುರಿದಿಟ್ಟು ತರಕಾರಿಗೆಂದು ವ್ಯಾನು ತೆಗೆದುಕೊಂಡು ಪೇಟೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಂಡಕ್ಟರ ಕಣ್ಣು ತಟ್ಟೆಯ ಮೇಲೆ ಬಿತ್ತು. ಒಂದು ಲೋಟ ಹಾಗೇ ಇತ್ತು, ಚಹಾ ಕೆನೆಗಟ್ಟಿತ್ತು.

"ಯಾರದು ಇದು?"

ಯಾರದೂ ಅಲ್ಲ. ಕಂಡಕ್ಟರು ಎದ್ದು ನಿಂತು ತಲೆ ಎಣಿಸಿದರು. ಹದಿನೇಳು. ಇನ್ನೊಮ್ಮೆ ಎಣಿಸಿದರು. ಆಮೇಲೆ ಡ್ರಿಲ್ ಮಾಸ್ತರ ಕಡೆ ತಿರುಗಿ, "ಆ ಏರು ಇಳಿದ ಮೇಲಿನ ತಿರುವಲ್ಲಿ ಯಾರನ್ನ ನಿಲ್ಸಿದ್ರಿ?" ಎಂದರು.

"ನಿಮ್ಮ ಅಕ್ಕನ್ನೇ. ಯಾಕೆ, ಅವರನ್ನೂ ವ್ಯಾನಲ್ಲಿ ಕರ್ಕೊಂಡು ಬರ್ಲಿಲ್ವಾ?"

ಒಬ್ಬರು ಫೋನ್ ಮಾಡಿ ನೋಡೋಣ ಎಂದರು, ಮಾಡಿದರು. ಪಡಸಾಲೆಯ ಮೂಲೆಯಲ್ಲಿ ಇಳಿಸಿಟ್ಟಿದ್ದ ಅಕ್ಕನ ಚೀಲವೇ ಟ್ರಿಣ್ ಟ್ರಿಣ್ ಎಂದಿತು. ಗಂಟೆ ನಾಲ್ಕೂವರೆ. ಅವಳನ್ನು ನಿಲ್ಲಿಸಿದ್ದು ಎರಡು ಗಂಟೆಗೆ. "ನಾನು ಹೋಗ್ಬರ್ತೀನಿ, ನಿಮ್ಮ ಕಾಲು ನೋಡಿ," ಎಂದು ಡ್ರಿಲ್ ಮಾಸ್ತರು ಹೇಳುತ್ತಿರುವಾಗಲೇ ಕಂಡಕ್ಟರು ದಾರಿ ಕೇಳಿಕೊಂಡು ಪೆಡಲ್ ತುಳಿದಾಗಿತ್ತು. ಮಂಡಿಯನ್ನು ಅವರು ಕೇಳಲು ಹೋಗಲಿಲ್ಲ.

ಹನ್ನೊಂದು ಕಿಲೋಮೀಟರು, ಎದುರುಗಾಳಿ. ಬೇರೆ ಯಾರಾದರೂ ಆಗಿದ್ದರೆ ಅರ್ಧ ಗಂಟೆ ಕಾದು, ಯಾರನ್ನಾದರೂ ಕೇಳಿಕೊಂಡು ಬಂದುಬಿಡುತ್ತಿದ್ದರು. ಅಕ್ಕ ಹಾಗಲ್ಲ. ಹೇಳಿದ ಕಡೆ ನಿಲ್ಲಬೇಕು ಎಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು. ನೆತ್ತಿಯ ಮೇಲೆ ಬಿಸಿಲು, ಬಾಟಲಿಯಲ್ಲಿ ಎಷ್ಟು ನೀರಿತ್ತೋ ಏನೋ. ತಲೆ ಸುತ್ತಿ ಬಿದ್ದಿದ್ದರೆ? ಯಾವುದಾದರೂ ಲಾರಿ? ಮೂವತ್ತೊಂದು ವರ್ಷ ಊರವರನ್ನೆಲ್ಲ ಒಬ್ಬರೂ ಬಿಡದೆ ಹತ್ತಿಸಿದವನು ಒಡಹುಟ್ಟಿದವಳನ್ನೇ ದಾರಿಯಲ್ಲಿ ಬಿಟ್ಟು ಬಂದು ಕಾಲು ಚಾಚಿ ಕೂತಿದ್ದೆನಲ್ಲ ಎಂದು ಅವರು ತಮ್ಮನ್ನೇ ಬೈದುಕೊಂಡರು. ಭಾವನಿಗೆ ಏನು ಹೇಳಬೇಕು ಎಂಬ ಯೋಚನೆ ಮೊದಲು ಬಂದಿತ್ತು. ಆರು ಕಿಲೋಮೀಟರ್ ದಾಟಿದ ಮೇಲೆ ಭಾವ ಮರೆತೇಹೋದರು. ಅಕ್ಕ ಇರಲಿ, ಅಷ್ಟು ಸಾಕು ಎನ್ನಿಸಿತು.

ತಿರುವು ಕಂಡಿತು. ಕಿಲೋಮೀಟರ್ ಕಲ್ಲಿಗೆ ಒರಗಿಸಿದ ಸೈಕಲ್ ಕಂಡಿತು. ಅಕ್ಕ ಕಾಣಲಿಲ್ಲ. ಇನ್ನೂ ಹತ್ತಿರ ಬಂದಾಗ ನೋಡುತ್ತಾರೆ, ರಸ್ತೆಯ ಆಚೆ ಬದಿ ಮೋರಿಕಟ್ಟೆಯ ಮೇಲೆ ಹತ್ತಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಇವರಿಗೆ ಬೆನ್ನು ಮಾಡಿಕೊಂಡು ಅಕ್ಕ ದೂರಕ್ಕೆ ನೋಡುತ್ತಿದ್ದಾಳೆ. ಹಳದಿ ಕೋಟು ಬರಬೇಕಾದ ದಿಕ್ಕು ಅದೇ ತಾನೆ.

"ಅಕ್ಕ."

ತಿರುಗಿದಳು. ಒಂದು ಗಳಿಗೆ ಗುರುತೇ ಸಿಗದವಳಂತೆ ನೋಡಿದಳು. ಆಮೇಲೆ ಕಟ್ಟೆಯಿಂದ ಇಳಿದು ಬಂದವಳೇ ಅವರ ತಲೆ ಮುಟ್ಟಿದಳು, ಭುಜ ಮುಟ್ಟಿದಳು, ಎರಡೂ ಮೊಣಕೈ ತಿರುಗಿಸಿ ನೋಡಿದಳು. "ಎಲ್ಲಿ ಬಿದ್ದೆಯೋ? ರಕ್ತ ಏನೂ ಬಂದಿಲ್ಲ ತಾನೆ?"

ದಾರಿಯಲ್ಲಿ ಯಾರಿಗೋ ಪಂಕ್ಚರ್ ಆಗಿತ್ತು ಎಂದರೆ ನಂಬಿಬಿಡುತ್ತಾಳೆ ಎಂದು ಕಂಡಕ್ಟರಿಗೆ ಗೊತ್ತಿತ್ತು. ಆದರೆ ನಾಲಿಗೆ ಏಳಲಿಲ್ಲ. "ಬಿದ್ದಿಲ್ಲ ಅಕ್ಕ. ಮಂಡಿ ಊತ್ಕೊಂಡಿತ್ತು, ವ್ಯಾನ್ ಹತ್ತಿದೆ. ನಿದ್ದೆ ಬಂದ್ಬಿಡ್ತು. ತಿರುವಲ್ಲಿ ಯಾರಾದ್ರೂ ನಿಂತಿರ್ತಾರೆ ಅನ್ನೋದೇ ಮರೆತೆ."

ಅಕ್ಕ ಬಗ್ಗಿ ಅವರ ಮಂಡಿ ನೋಡಿದಳು. "ಎರಡು ಜನ ಲಾರಿಯವರು ನಿಲ್ಸಿ ಹತ್ತಿ ಅಂದ್ರು. ಹತ್ತಲಿಲ್ಲ," ಎಂದಳು.

"ಹತ್ತಿ ಬರ್ಬಾರ್ದಿತ್ತಾ? ಎಲ್ಲರೂ ನಿನ್ನ ಬಿಟ್ಟು ಹೋಗಿದ್ರು, ಹೆದರಿಕೆ ಆಗ್ಲಿಲ್ವಾ?"

"ನನಗೇನಾಗಿತ್ತು? ನಾನು ನಿಂತಿದ್ದೆ. ಹೆದರಿಕೆ ಆಗಿದ್ದು ನಿನಗಾಗಿ. ನಮ್ಮಲ್ಲಿ ಯಾರು ಬಿದ್ರೂ ಹಿಂದೆ ನೀನು ಬಂದು ಎತ್ತುತ್ತೀಯ. ನೀನು ಬಿದ್ರೆ ಹಿಂದೆ ಯಾರಿದಾರೆ? ನಾನೂ ಇಲ್ಲಿಂದ ಹೋಗಿದ್ರೆ ನಿನ್ನ ಕೇಳೋರು ಯಾರೋ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಕಂಡಕ್ಟರಿಗೆ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಬೈಕೊಂದು ಬಂದು ನಿಂತಿತು. ಅಕ್ಕ ಆ ಹಾಲಿನವನನ್ನು ಹಿಂದಿನ ದಾರಿಗೆ ಅಟ್ಟಿದ್ದಳಂತೆ. "ಅಮ್ಮ, ಸೇತುವೆ ತನಕ ಹೋಗಿದ್ದೆ. ಎರಡೂ ಕಡೆ ಚರಂಡಿ ಇಣುಕಿ ನೋಡ್ದೆ, ಹಳದಿ ಕೋಟಿನೋರು ಯಾರೂ..." ಎನ್ನುತ್ತ ಕಂಡಕ್ಟರನ್ನು ನೋಡಿದ. "ಇವರೇನಾ?"

"ಇವನೇ. ಚರಂಡೀಲಿರ್ಲಿಲ್ಲ, ವ್ಯಾನಲ್ಲಿ ಮಲಗಿದ್ನಂತೆ."

ಹಾಲಿನವನಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ಕಂಡಕ್ಟರು ಮೋರಿಕಟ್ಟೆಯ ಮೇಲೆ ಕುಸಿದು ಕೂತು, ನಗಬೇಕೆಂದು ಹೋಗಿ, ಬಿಕ್ಕಿ ಬಿಕ್ಕಿ ಅತ್ತರು. ಅರವತ್ತೊಂದು ವರ್ಷದ ಗಂಡಸು ನಡುರಸ್ತೆಯಲ್ಲಿ ಅಳುವುದು ಚೆನ್ನಾಗಿರುವುದಿಲ್ಲ, ಆದರೆ ಎದೆಯ ಮೇಲಿನ ಕಲ್ಲು ಇಳಿಯುವಾಗ ಅದು ಯಾರ ಮಾತನ್ನೂ ಕೇಳುವುದಿಲ್ಲ. ಹಾಲಿನವನು ತನ್ನ ಬಾಟಲಿಯ ನೀರು ಕೊಟ್ಟು, ಇಬ್ಬರಿಗೂ ಕೈಮುಗಿದು ಹೋದ.

"ಅತ್ತಿದ್ದಾಯ್ತಲ್ಲ, ಕೋಟು ಬಿಚ್ಚು," ಎಂದಳು ಅಕ್ಕ.

"ಯಾಕೆ?"

"ನೀನು ಮುಂದೆ ಹೋಗು. ಹಿಂದೆ ನಾನು ಬರ್ತೀನಿ."

"ಅಕ್ಕ, ಪದ್ಧತಿ ಹಾಗಲ್ಲ. ಹಿಂದಿರೋನು..."

"ನಿನ್ನ ಪದ್ಧತೀನ ಮೂರು ಗಂಟೆ ನಿಂತು ನೋಡಿದೀನಿ. ಬಿಚ್ಚು."

ಬಿಚ್ಚಿ ಕೊಟ್ಟರು. ಅವಳಿಗೆ ಅದು ದೊಗಳೆಯಾಯಿತು. ಇಬ್ಬರೂ ಹೊರಟರು. ಗಾಳಿ ಈಗ ಬೆನ್ನಿಗಿತ್ತು. ಹೊರಟ ಒಂದು ನಿಮಿಷಕ್ಕೆ ಹಿಂದಿನಿಂದ ಬೈಗುಳ ಶುರುವಾಯಿತು. ಮಂಡಿ ನೋವನ್ನು ಮೊದಲೇ ಯಾಕೆ ಹೇಳಲಿಲ್ಲ, ಒಂದು ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು, ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲವಲ್ಲ, ಹೆಂಡತಿ ಮಕ್ಕಳು ನಿನ್ನನ್ನು ಹೇಗೆ ಸಹಿಸಿಕೊಂಡಿದ್ದಾರೋ. ಕಂಡಕ್ಟರು ಮೆಲ್ಲಗೆ ತುಳಿಯುತ್ತ ಹೋದರು. ಬೈಗುಳ ನಿಂತಾಗ ಮಾತ್ರ ತಿರುಗಿ ನೋಡುತ್ತಿದ್ದರು.