ತಾಯಿಯ ಹೆಸರು ಕೇಳುವ ಕಿಟಕಿ

"ತಾಯಿ ಹೆಸರೇನು, ಹಾಜ್?"

ಬೆಳಗಿನ ಆರು ಗಂಟೆ. ಕಫ್ರ್ ಅಲ್-ತೂತ್ ಪಟ್ಟಣದ ಸರ್ಕಾರಿ ಆಸ್ಪತ್ರೆಯ ದಾಖಲೆ ಕೋಣೆಯ ಕಿಟಕಿ ಈಗಷ್ಟೇ ತೆರೆದಿದೆ. ನಸುಕಿನ ನಮಾಜು ಮುಗಿಸಿ ನೇರ ಇಲ್ಲಿಗೇ ಬಂದವರ ಸಾಲು ನೀಲಗಿರಿ ಮರ ದಾಟಿ ಕಾಲುವೆಯ ದಂಡೆ ಮುಟ್ಟಿದೆ. ಸಾಲಿನ ಮುಂದಿರುವ, ಊರೆಲ್ಲ ಗೌರವಕ್ಕೆ ಹಾಜ್ ಎನ್ನುವ ಮುತವಲ್ಲಿ ಎಂಬ ಎಪ್ಪತ್ತರ ಮುದುಕರು ತಮ್ಮ ಕಿವಿಯನ್ನು ತಾವೇ ನಂಬದೆ ಕಿಟಕಿಯ ಕಂಬಿಗೆ ಮುಖ ಒತ್ತಿ ನಿಂತಿದ್ದಾರೆ.

"ನಮ್ಮಮ್ಮನ ಹೆಸರು ನಿಂಗ್ಯಾಕಮ್ಮಾ? ನೋವಿರೋದು ನನ್ನ ಮಂಡಿಗೆ."

"ಹೇಳ್ಬಿಡಿ ಹಾಜ್, ನಿಮಗೆ ಹೆಣ್ಣು ನೋಡ್ತಿರಬೇಕು!" ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಸಾಲಿಗೆ ಸಾಲೇ ನಗುತ್ತದೆ.

ಕಿಟಕಿಯ ಒಳಗಿರುವ ಇನ್ಸಾಫ್ ಅಬ್ದುಲ್ ಮೌಗೂದ್ ಮಾತ್ರ ನಗುವುದಿಲ್ಲ. ನಕ್ಕರೆ ಮುದುಕರು ಮರ್ಯಾದೆ ಹೋಯಿತೆಂದು ಔಷಧಿಯನ್ನೂ ಬಿಟ್ಟು ಹೊರಟುಬಿಡುತ್ತಾರೆ. ಇನ್ಸಾಫ್ ಒಂದು ತುಂಡು ಕಾಗದ, ಒಂದು ಮೋಟು ಪೆನ್ಸಿಲನ್ನು ಕಂಬಿಯ ಅಡಿಯಿಂದ ತಳ್ಳುತ್ತಾರೆ. "ಬಾಯಲ್ಲಿ ಹೇಳೋದು ಬೇಡ. ಇದರ ಮೇಲೆ ಬರೀರಿ. ನಾನೊಬ್ಬಳೇ ನೋಡ್ತೀನಿ, ನೋಡಿ ಹರಿದುಹಾಕ್ತೀನಿ." ಹಾಜ್ ಪೆನ್ಸಿಲನ್ನು ಕಾಗದಕ್ಕೆ ತಾಗಿಸಿ ಹಿಂತೆಗೆಯುತ್ತಾರೆ. ಏನನ್ನೂ ಬರೆಯದೆ ಚೀಟಿಯನ್ನು ಜೇಬಿಗೆ ಸೇರಿಸುತ್ತಾರೆ. ಇನ್ಸಾಫ್ ಮತ್ತೆ ಕೇಳುವುದಿಲ್ಲ. ಎದ್ದು ಹೋಗಿ, ಏಳನೆಯ ಕಪಾಟಿನ ಕೆಳಗಿನ ಹಲಗೆಯಿಂದ ಅವರ ಫೈಲನ್ನು ತಂದು ಕೈಗಿಡುತ್ತಾರೆ.

ಆರು ತಿಂಗಳಿಂದ ಈ ಕಿಟಕಿಯಲ್ಲಿ ದಿನಾ ಇದೇ ಜಗಳ. ಈ ಊರಿನ ಗಂಡಸು ನಾಲ್ಕು ಜನರ ಮುಂದೆ ತಾಯಿಯ ಹೆಸರು ಎತ್ತುವವನಲ್ಲ. ಹುಡುಗರು ಶಾಲೆಯಲ್ಲಿ ಒಬ್ಬರನ್ನೊಬ್ಬರು ಹೆದರಿಸುವುದೇ "ನಿಮ್ಮಮ್ಮನ ಹೆಸರು ನಂಗೊತ್ತು" ಎಂದು. ಊರಿನ ಹೆಂಗಸರೆಲ್ಲ ಹಿರಿಮಗನ ಹೆಸರಿನಲ್ಲಿ ಇಂಥವನ ಅಮ್ಮ, ಉಮ್ಮ್ ಇಂಥವನು, ಎಂದೇ ಬದುಕಿ ಅದೇ ಹೆಸರಿನಲ್ಲಿ ಸಾಯುತ್ತಾರೆ. ಅಂಥ ಊರಿನಲ್ಲಿ ಇನ್ಸಾಫ್ ಇಲ್ಲಿಯವರೆಗೆ ಒಂಬತ್ತು ಸಾವಿರದ ನಾನೂರು ತಾಯಂದಿರ ಹೆಸರು ಕೂಡಿಸಿದ್ದಾರೆ. ಯಾಕೆ ಎಂದು ಕೇಳಿದರೆ, ಜಿಲ್ಲಾ ನಗರದ ವಿಶ್ವವಿದ್ಯಾಲಯದಲ್ಲಿ ತಾನು ಡೇಟಾಬೇಸ್ ಕಲಿಯುತ್ತಿದ್ದೇನೆ ಎನ್ನುತ್ತಾರೆ. ಹಾಗೆ ಹೇಳುವಾಗ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆವಸ್ತ್ರದ ಅಂಚು ಸರಿಮಾಡಿಕೊಳ್ಳುತ್ತಾರೆ.

ಇನ್ಸಾಫ್‌ಗೆ ನಲವತ್ತೇಳು. ಈ ಕೋಣೆಗೆ ಬಂದು ಇಪ್ಪತ್ತೆರಡು ವರ್ಷ. ಒಳಗೆ ಅರವತ್ತೊಂದು ಸಾವಿರ ಫೈಲುಗಳಿವೆ, ಹೊರಗೆ ದಿನಕ್ಕೆ ಇನ್ನೂರ ನಲವತ್ತು ಜನ. ಒಂದೊಂದು ಫೈಲಿಗೂ ಎದ್ದು, ಸಾಲು ಹುಡುಕಿ, ಏಣಿ ಹತ್ತಿ, ಇಳಿದು ಬರಬೇಕು. ಹತ್ತು ಗಂಟೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಆಗ ಚಪ್ಪಲಿ ಬಿಟ್ಟು, ಮೇಜಿನ ಅಡಿಯಲ್ಲಿಟ್ಟ ಎರಡು ಅಳತೆ ದೊಡ್ಡ ಪ್ಲಾಸ್ಟಿಕ್ ಚಪ್ಪಲಿಗೆ ಕಾಲು ತೂರಿಸುತ್ತಾರೆ. ಬೇಯಿಸಿದ ಅವರೆ ತುಂಬಿದ ರೊಟ್ಟಿಯನ್ನು ಹನ್ನೊಂದಕ್ಕೆ ತಿನ್ನಲು ಶುರುಮಾಡಿದರೆ ಮುಗಿಯುವುದು ಒಂದಕ್ಕೆ. "ಈ ಕೋಣೇಲಿ ನಡೆದದ್ದನ್ನೆಲ್ಲ ನೇರ ನಡೆದಿದ್ರೆ ಮಕ್ಕಾ ಮುಟ್ಟಿ ವಾಪಸ್ ಬಂದಿರ್ತಿದ್ದೆ. ಹಾಜ್ಜಾ ಅಂತಾದ್ರೂ ಕರೀತಿದ್ರು," ಎನ್ನುತ್ತಾರೆ. ಈಗ ಎಲ್ಲರೂ ಕರೆಯುವುದು ಅಬ್ಲಾ, ಅಂದರೆ ಅಕ್ಕ, ಎಂದು.

ಫೈಲಿಗೆ ನಂಬರಿದೆ, ಆದರೆ ಇನ್ಸಾಫ್ ನಂಬರನ್ನು ನೋಡುವುದಿಲ್ಲ. ಮುಖ ನೋಡುತ್ತಾರೆ. ಸಯ್ಯಿದ್ ಮುಹಮ್ಮದ್ ಅಲಿ ಎಂಬ ಹೆಸರಿನವರೇ ಇಲ್ಲಿ ನಲವತ್ತೊಂದು ಮಂದಿ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಒಂದೇ ಮೂತ್ರಪಿಂಡ ಎಂಬುದು ಅವರ ತಲೆಯಲ್ಲಿದೆ. ಇದನ್ನು ಊರಿನವರು ದೇವರ ಕೊಡುಗೆ ಎನ್ನುತ್ತಾರೆ. ಇನ್ಸಾಫ್‌ಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. "ಕೊಡುಗೆ ಅಲ್ಲ, ಹೊರೆ. ಜ್ವರ ಬಂದ್ರೂ ಮಲಗೋ ಹಾಗಿಲ್ಲ. ನಾನು ಮಲಗಿದ್ರೆ ಅರವತ್ತೊಂದು ಸಾವಿರ ಫೈಲೂ ನನ್ನ ಜೊತೆ ಮಲಗ್ತವೆ."

ಹಾಗೆ ಆದ ಒಂದು ದಿನವಿದೆ. ಅದನ್ನು ಅವರು ಒಮ್ಮೆ ಮಾತ್ರ, ಮೇಜಿನ ಮೇಲಿನ ಸ್ಟೇಪ್ಲರನ್ನು ನೋಡುತ್ತ ಹೇಳುತ್ತಾರೆ.

ಈ ಕಡೆ ವಿಮೆ ಕಾರ್ಡು ಎಂದರೆ ಮದುವೆ ಅಡುಗೆಯ ದೊಡ್ಡ ಪಾತ್ರೆಯಂತೆ. ಒಬ್ಬರ ಮನೆಯಲ್ಲಿರುತ್ತದೆ, ಬೇಕಾದವರೆಲ್ಲ ಒಯ್ಯುತ್ತಾರೆ. ಕಾರ್ಖಾನೆಯಲ್ಲಿ ಖಾಯಂ ಕೆಲಸವಿರುವ ಜಾಬಿರ್‌ಗೆ ಕಾರ್ಡಿದೆ, ಇಟ್ಟಿಗೆ ಹೊರುವ ಅವನ ದೊಡ್ಡಪ್ಪನ ಮಗ ಶಹಾತನಿಗೆ ಇಲ್ಲ. (ಇಬ್ಬರ ಹೆಸರನ್ನೂ ಇಲ್ಲಿ ಬದಲಿಸಿದೆ.) ಶಹಾತ ಜಾಬಿರ್‌ನ ಕಾರ್ಡು ಹಿಡಿದು ಬರುತ್ತಿದ್ದ. ಇನ್ಸಾಫ್ ಕಾರ್ಡು ತೆಗೆದುಕೊಂಡು, ಬಾಯಿ ಬಿಡದೆ, ಎರಡು ಫೈಲು ತರುತ್ತಿದ್ದರು. ಕಾರ್ಡಿನ ಲೆಕ್ಕಕ್ಕೆ ಜಾಬಿರ್‌ನದು, ವೈದ್ಯರಿಗೆ ತೋರಿಸಲು ಶಹಾತನದು. ಶಹಾತನ ಫೈಲಿನ ಮೇಲೆ ಅವರೇ ಕೆಂಪು ಶಾಯಿಯಲ್ಲಿ ಬರೆದಿದ್ದರು: ಪೆನಿಸಿಲಿನ್ ಒಗ್ಗುವುದಿಲ್ಲ.

ಎರಡು ವರ್ಷದ ಹಿಂದೆ, ಒಂದು ಮಂಗಳವಾರ, ಇನ್ಸಾಫ್ ರಜೆ ಹಾಕಿದರು. ಇಪ್ಪತ್ತು ವರ್ಷದಲ್ಲಿ ಅದು ಎರಡನೆಯ ರಜೆ. ಮೊದಲನೆಯದು ತಾಯಿ ತೀರಿಕೊಂಡಾಗ, ಇದು ಡೇಟಾಬೇಸ್ ಪರೀಕ್ಷೆಗೆ. ಪ್ರಶ್ನೆಪತ್ರಿಕೆಯಲ್ಲಿ ಮೊದಲಿಗೇ ಕೇಳಿದ್ದರು: ಆಸ್ಪತ್ರೆಯ ಡೇಟಾಬೇಸಿನಲ್ಲಿ ಒಬ್ಬ ರೋಗಿಯನ್ನು ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸುವ ಕೀಲಿ ಯಾವುದು? ಪುಸ್ತಕದಲ್ಲಿದ್ದುದನ್ನೇ ಇನ್ಸಾಫ್ ಬರೆದರು: ವಿಮೆ ಕಾರ್ಡಿನ ನಂಬರು, ಏಕೆಂದರೆ ಅದು ಒಬ್ಬರಿಗೆ ಒಂದೇ.

ಅವರು ಅದನ್ನು ಬರೆಯುತ್ತಿದ್ದ ಹೊತ್ತಿನಲ್ಲೇ ಶಹಾತ ಗಂಟಲು ಕೀವುಗಟ್ಟಿ ಕಿಟಕಿಗೆ ಬಂದಿದ್ದ. ಬದಲಿಗೆ ಕೂತಿದ್ದ ಸಮರ್ ಎಂಬ ಹೊಸ ಗುಮಾಸ್ತೆ ಕಾರ್ಡಿನ ನಂಬರು ನೋಡಿ ಜಾಬಿರ್‌ನ ಫೈಲು ಕೊಟ್ಟಳು. ಅದರಲ್ಲಿ ಕೆಂಪು ಶಾಯಿ ಇರಲಿಲ್ಲ. ಏನಾದರೂ ಒಗ್ಗದೆಯೇ ಎಂದು ವೈದ್ಯರು ಕೇಳಿದಾಗ, ಬಾಯಿ ಬಿಟ್ಟರೆ ಕಾರ್ಡಿನ ಗುಟ್ಟು ಹೊರಬೀಳುತ್ತದೆಂದು ಶಹಾತ ಆ ಫೈಲಿನಲ್ಲಿದ್ದ ಹಾಗೇ ಏನೂ ಇಲ್ಲವೆಂದು ತಲೆಯಾಡಿಸಿದ. ಚುಚ್ಚುಮದ್ದು ಬಿದ್ದ ಐದು ನಿಮಿಷಕ್ಕೆ ನೆಲಕ್ಕುರುಳಿದ. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿಕೊಂಡ.

"ಸಮರ್‌ದೇನೂ ತಪ್ಪಿಲ್ಲ. ಅವಳು ಪುಸ್ತಕದಲ್ಲಿ ಇರೋ ಹಾಗೇ ಮಾಡಿದ್ಲು," ಎನ್ನುತ್ತಾರೆ ಇನ್ಸಾಫ್. "ಆ ಪ್ರಶ್ನೆಗೆ ನಂಗೆ ಪೂರ್ತಿ ಅಂಕ ಬಂತು. ಮಿಕ್ಕಿದ್ದರಲ್ಲಿ ಫೇಲು."

ಅವರು ಕೆಲಸದ ಜೊತೆಗೆ ಓದುವವರ ಕೋರ್ಸಿಗೆ ಸೇರಿದ್ದು ಮೊದಲಿಗೆ ಒಂದು ಮೆಟ್ಟಿಲು ಬಡ್ತಿಯ ಆಸೆಗೆ. ಆ ಮಂಗಳವಾರದ ನಂತರ ಬಡ್ತಿಯ ಮಾತು ಬಿಟ್ಟುಹೋಯಿತು. ತಾನಿಲ್ಲದ ದಿನವೂ ಸರಿಯಾದ ಫೈಲು ಸರಿಯಾದ ಕೈಗೆ ಹೋಗಬೇಕು, ಅಷ್ಟೇ ಉಳಿಯಿತು. ಶನಿವಾರ ಎರಡು ಗಂಟೆಗೆ ಕಿಟಕಿ ಮುಚ್ಚಿ, ಮೈಕ್ರೋಬಸ್ಸಿನಲ್ಲಿ ಒಂದೂಕಾಲು ತಾಸು. ವಾರದ ರಜೆಯಾದ ಶುಕ್ರವಾರ ಇಡೀ ದಿನ ತರಗತಿ. ಬಸ್ಸಿನ ಗಾಜಿಗೆ ತಲೆ ಆನಿಸಿದ ಕೂಡಲೇ ನಿದ್ದೆ, ಹಾಗಾಗಿ ಎಷ್ಟೋ ಸಲ ಕಾಲೇಜು ದಾಟಿ ತರಕಾರಿ ಮಾರುಕಟ್ಟೆಯವರೆಗೆ ಹೋಗಿ ನಡೆದು ವಾಪಸು ಬಂದಿದ್ದಾರೆ. ತರಗತಿಯಲ್ಲಿ ಮಗನ ವಯಸ್ಸಿನವರ ನಡುವೆ ಕೂತು, ಕೋಷ್ಟಕಗಳನ್ನು ಒಂದಕ್ಕೊಂದು ಜೋಡಿಸುವುದನ್ನು ಬಾಯಿಪಾಠ ಮಾಡಿದರು. ಮುಂದಿನ ಪರೀಕ್ಷೆಗಳು ಶುಕ್ರವಾರವೇ ಬಿದ್ದದ್ದರಿಂದ ರಜೆ ಬೇಕಾಗಲಿಲ್ಲ, ಆದರೆ ಎರಡನೆಯ ಸಲವೂ ಫೇಲಾದರು. ಮೂರನೆಯದೇ ಕೊನೆ, ಅದರಲ್ಲೂ ಹೋದರೆ ಹೆಸರು ತೆಗೆದುಹಾಕುತ್ತಾರೆ.

ಪರೀಕ್ಷೆಯ ಯೋಜನೆಗೆಂದು ಈ ಫೈಲುಗಳದೇ ಡೇಟಾಬೇಸ್ ಮಾಡಲು ಹೊರಟಾಗ ಆಸ್ಪತ್ರೆಯ ನಿರ್ದೇಶಕರದು ಇನ್ನೊಂದು ವರಾತ. "ವಿಶ್ವವಿದ್ಯಾಲಯದವರು ಪಾಸು ಅಂತ ಮುದ್ರೆ ಒತ್ತಿದ್ರೆ ಕಿಟಕಿಗೆ ಹಾಕೋಣ. ಇಲ್ಲಾಂದ್ರೆ ಅದು ನಿಮ್ಮ ಅಡುಗೆಮನೆ ಡಬ್ಬಿ ಲೆಕ್ಕ." ಇನ್ಸಾಫ್ ಅದಕ್ಕೂ ತಲೆ ಬಗ್ಗಿಸಿ ಬಂದರು. ಮೂಲೆಯಲ್ಲಿ ದೂಳು ಹಿಡಿದಿದ್ದ ಕಂಪ್ಯೂಟರನ್ನು ಒರೆಸಿ, ದಿನಕ್ಕೆ ಅರವತ್ತು ಫೈಲಿನಂತೆ ಒಂದೊಂದೇ ಬೆರಳಲ್ಲಿ ಕುಟ್ಟುತ್ತ ಹೋದರು.

ಅವರ ಯೋಜನೆ ಮೊದಲ ನೋಟಕ್ಕೇ ಪ್ರಾಧ್ಯಾಪಕ ವಹೀದ್‌ರ ಕಣ್ಣಿಗೆ ತಪ್ಪಾಗಿ ಕಂಡಿತು. ಮೂವತ್ತನಾಲ್ಕರ ವಹೀದ್, ವಿದ್ಯಾರ್ಥಿಗಳ ಬಾಯಲ್ಲಿ ಡಾಕ್ಟರ್, ಚುರುಕಿನ ಮನುಷ್ಯ. ಒಂದು ಕಾರ್ಡಿಗೆ ಒಬ್ಬ ರೋಗಿ, ಅದೇ ನಿಯಮ. ನೀವೇಕೆ ಕಾರ್ಡನ್ನೂ ರೋಗಿಯನ್ನೂ ಬೇರೆ ಬೇರೆ ಕೋಷ್ಟಕದಲ್ಲಿ ಇಟ್ಟಿದ್ದೀರಿ, ನಡುವೆ ಈ ತಾಯಿಯ ಹೆಸರೇಕೆ, ಎಂದು ಇಡೀ ತರಗತಿಯೆದುರು ಕೇಳಿದರು.

"ನಿಮ್ಮ ನಿಯಮ ಸರಿಯಾಗಿದೆ ಡಾಕ್ಟರೇ. ನಮ್ಮೂರು ಸರಿಯಿಲ್ಲ," ಎಂದರು ಇನ್ಸಾಫ್. "ದುಡ್ಡು ಕೊಡೋರು ಯಾರು ಅನ್ನೋದು ಲೆಕ್ಕದವರ ಕೋಷ್ಟಕ. ನಂಗೆ ಅದು ಬೇಡ. ಕಾರ್ಡು ಯಾರದ್ದು ಅಂತ ನಾನು ಕೇಳಲ್ಲ, ಮೈ ಯಾರದ್ದು ಅಂತ ಕೇಳ್ತೀನಿ. ಚುಚ್ಚೋದು ಮೈಗೆ ತಾನೆ?"

"ಸರಿ, ಆದ್ರೆ ಸಾಲದ ಕಾರ್ಡು ತಂದೋನು ತಾಯಿ ಹೆಸರನ್ನೂ ಸುಳ್ಳು ಹೇಳಬಹುದಲ್ಲ?"

"ಹೇಗೆ ಹೇಳ್ತಾನೆ? ಕಾರ್ಡಿನ ಯಜಮಾನನ ತಾಯಿ ಅವನಿಗೆ ಚಿಕ್ಕಮ್ಮ, ಉಮ್ಮ್ ಜಾಬಿರ್. ಅಷ್ಟೇ ಗೊತ್ತು ಅವನಿಗೆ. ಅವಳ ನಿಜವಾದ ಹೆಸರು ಹುಟ್ಟಿದಾಗಿಂದ ಕೇಳಿರಲ್ಲ. ಗೊತ್ತಿರೋದು ಒಂದೇ ಹೆಸರು, ತನ್ನ ತಾಯಿದು." ಇನ್ಸಾಫ್ ಕೀಬೋರ್ಡಿನ ಮೇಲೆ ಬೆರಳಿಟ್ಟು ತಲೆ ಎತ್ತಿದರು. "ನೀವೇ ರೋಗಿ ಆಗಿ, ಪರೀಕ್ಷೆ ಮಾಡೋಣ. ನಿಮ್ಮ ತಾಯಿ ಹೆಸರೇನು ಡಾಕ್ಟರೇ?"

ನಲವತ್ತು ವಿದ್ಯಾರ್ಥಿಗಳೂ ಪುಸ್ತಕದಿಂದ ತಲೆ ಎತ್ತಿದರು. ವಹೀದ್‌ರ ಕಿವಿ ಕೆಂಪಾಯಿತು. ಅವರು ಕಪ್ಪುಹಲಗೆಯ ಕಡೆ ತಿರುಗಿದರು, ಕನ್ನಡಕ ತೆಗೆದರು, ಹಾಕಿಕೊಂಡರು. ಇನ್ಸಾಫ್ ಕೈಚೀಲದಿಂದ ಒಂದು ತುಂಡು ಕಾಗದ, ಒಂದು ಮೋಟು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. ಪ್ರಾಧ್ಯಾಪಕರು ಕೈ ಅಡ್ಡ ಹಿಡಿದು ಬರೆದು ಕೊಟ್ಟರು.

ಫಲಿತಾಂಶ ಬಂದದ್ದು ಹದಿನೈದು ದಿನದ ನಂತರ. ಸಿಕ್ಕಿದ್ದು ಮಕ್‌ಬೂಲ್, ಪಾಸಾದವರಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆ. ಯೋಜನೆಗೆ ಅಂಕ ಚೆನ್ನಾಗಿಯೇ ಬಂದಿತ್ತು, ಬರವಣಿಗೆಯ ಪರೀಕ್ಷೆ ಎಳೆದುಹಾಕಿತು. ಆ ವಾರವೇ ಹಾಜ್ ಮುತವಲ್ಲಿ ಕಿಟಕಿಗೆ ಮರಳಿ ಬಂದರು. ಅವರು ಅಂದು ಚೀಟಿ ಬರೆಯದೆ ಹೋದದ್ದು ನಾಚಿಕೆಯಿಂದಲ್ಲ. ತಾಯಿ ಸತ್ತಾಗ ಅವರಿಗೆ ನಾಲ್ಕು ವರ್ಷ, ಹೆಸರೇ ಗೊತ್ತಿರಲಿಲ್ಲ. ಜನನ ದಾಖಲೆಯ ಕಚೇರಿಗೆ ನಾಲ್ಕು ಸಲ ಅಲೆದು ತಿಳಿದುಕೊಂಡು ಬಂದಿದ್ದರು. ಚೀಟಿ ತಳ್ಳಲು ಹೋದ ಇನ್ಸಾಫ್‌ರ ಕೈಯನ್ನು ತಡೆದು, ಸಾಲಿಗೆಲ್ಲ ಕೇಳುವಂತೆ ಹೇಳಿದರು: "ತಫೀದಾ. ಬರ್ಕೋ ಮಗಳೇ. ನಮ್ಮಮ್ಮನ ಹೆಸರು ತಫೀದಾ." ಹಿಂದೆ ನಿಂತ ಯಾರೂ ಅಂದು ನಗಲಿಲ್ಲ. ಇನ್ಸಾಫ್‌ಗೆ ಕೀಲಿಮಣೆ ಮಂಜಾಗಿ ಕಂಡು, ಆ ಹೆಸರನ್ನು ಎರಡು ಸಲ ತಪ್ಪಾಗಿ ಕುಟ್ಟಿ ಅಳಿಸಬೇಕಾಯಿತು.

ಕಳೆದ ಭಾನುವಾರ ಇನ್ಸಾಫ್ ತಮ್ಮ ಮೂರನೆಯ ರಜೆ ಹಾಕಿದ್ದಾರೆ. ಕಾರಣದ ಜಾಗದಲ್ಲಿ "ಆಯಾಸ" ಎಂದು ಬರೆದಿದ್ದಾರೆ. ಹೊದ್ದು ಮಲಗಿರಬೇಕಾದವರು ಬೆಳಗ್ಗೆ ಆರಕ್ಕೇ ಆಸ್ಪತ್ರೆಯೆದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂತಿದ್ದಾರೆ. ಅಲ್ಲಿಂದ ಕಿಟಕಿ ನೇರ ಕಾಣುತ್ತದೆ. ಒಳಗೆ ಸಮರ್ ಇದ್ದಾಳೆ, ಅವಳೆದುರು, ನಿರ್ದೇಶಕರು ಮಾತಿನಂತೆ ಕಿಟಕಿಗೆ ಹಾಕಿಸಿದ ಕಂಪ್ಯೂಟರ್ ಇದೆ. ಏಳೂಕಾಲಿಗೆ ಸಾಲಿನಲ್ಲಿ ಶಹಾತ ಕಾಣಿಸುತ್ತಾನೆ. ಕೈಯಲ್ಲಿ ಅದೇ ಕಾರ್ಡು. ಇಟ್ಟಿಗೆ ಹೊರುವವನಿಗೆ ಈ ಎರಡು ವರ್ಷದಲ್ಲಿ ವಿಮೆ ಕೊಟ್ಟವರು ಯಾರೂ ಇಲ್ಲ.

ಇನ್ಸಾಫ್ ಅರ್ಧ ಏಳುತ್ತಾರೆ. ಎದ್ದವರು ಬೆಂಚಿನ ಅಂಚು ಹಿಡಿದು ಮತ್ತೆ ಕೂರುತ್ತಾರೆ. ಕಿಟಕಿಯಲ್ಲಿ ಸಮರ್ ಏನೋ ಕೇಳುತ್ತಾಳೆ. ಶಹಾತ ಹಿಂದೆ ಮುಂದೆ ನೋಡಿ, ಚೀಟಿ ಎಳೆದುಕೊಂಡು ಬರೆಯುತ್ತಾನೆ. ಸಮರ್ ಚೀಟಿ ನೋಡಿ ಕೀಲಿಗಳನ್ನು ಒತ್ತಿ, ಪರದೆಯ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸಿ, ಎದ್ದು ಒಳಗೆ ಹೋಗುತ್ತಾಳೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಶಹಾತ ಫೈಲು ಹಿಡಿದು ಈಚೆ ತಿರುಗಿದಾಗ ಅದರ ಮೇಲಿನ ಕೆಂಪು ಶಾಯಿ ರಸ್ತೆಯ ಈಚೆಗೂ ಕಾಣುತ್ತದೆ.

ಅವನು ಅವರನ್ನು ನೋಡಿ ರಸ್ತೆ ದಾಟಿ ಬರುತ್ತಾನೆ. "ಅಬ್ಲಾ, ನೀವು ರಜಾ ಅಂದ್ರು? ಇಲ್ಲೇನ್ ಮಾಡ್ತಿದೀರ?"

"ಚಹಾ ಕುಡೀತಿದೀನಿ, ಕಾಣಲ್ವ? ಹೋಗು, ಫೈಲು ವೈದ್ಯರಿಗೆ ತೋರಿಸು. ಬಾಯಿ ಬಿಟ್ಟೂ ಹೇಳು."

ಅವನು ಹೋದಮೇಲೆ ಇನ್ಸಾಫ್ ಆರಿದ ಚಹಾವನ್ನು ಪೂರ್ತಿ ಕುಡಿಯುತ್ತಾರೆ. ಇನ್ನೂ ಐವತ್ತು ಸಾವಿರಕ್ಕೂ ಮೇಲೆ ಫೈಲು ಬಾಕಿಯಿದೆ, ನಾಳೆಯಿಂದ ಮತ್ತೆ ದಿನಕ್ಕೆ ಅರವತ್ತು. ಇನ್ನೇನು ಆಸೆ ಎಂದು ಕೇಳಿದರೆ ಚಪ್ಪಲಿಯಿಂದ ಪಾದ ಹೊರತೆಗೆದು ಬಿಸಿಲಿಗೆ ಚಾಚುತ್ತಾರೆ.

"ಮುಂದಿನ ರಜೆಗೆ ಮನೇಲೇ ಇರ್ತೀನಿ. ಬಿಸಿಲು ಹಾಸಿಗೆ ಮೇಲೆ ಬರೋವರ್ಗೂ ಮಲಗ್ತೀನಿ. ಇಲ್ಲಿ ಯಾರೂ ಅಬ್ಲಾ ಎಲ್ಲಿ ಅಂತ ಕೇಳಬಾರದು."